ತೂಕಡಿಕೆ ಸಿದ್ಧನೂ ಹಿತ್ತಲ ಕೋಳಿಗೂಡೂ

ಕೂಡಿಹಾಕಿದ ಜೀವಕ್ಕೆ ಕೆಲಸ ಕೊಡಬೇಕು, ಕೊಡಲಾಗದವರು ಕೂಡಿಹಾಕಬಾರದು.

ಹೊನ್ನಗದ್ದೆ ಎಂಬ ರಾಜ್ಯದ ಕೋಟೆಬಾಗಿಲ ಮೇಲೆ ಕೆತ್ತಿದ್ದ ನಿಯಮ ಇದೊಂದೇ. ತೀರ ಹಿಂದಿನ ಮಾತು. ಆಗ ಹೊಳೆಗಳು ದಾರಿಹೋಕರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಬಿಸಿಲು ಹೆಚ್ಚಾದರೆ ಬೆಟ್ಟಗಳು ತಾವೇ ಸ್ವಲ್ಪ ಸರಿದು ಕೂರುತ್ತಿದ್ದವು. ಅಂಥ ಕಾಲದಲ್ಲೂ ನಿಯಮ ನಿಯಮವೇ. ಆದರೂ ಹೊನ್ನಗದ್ದೆಯ ಅರಸನಿಂದ ಹಿಡಿದು ಬೀದಿ ಗುಡಿಸುವವನ ತನಕ ಎಲ್ಲರೂ ಅದನ್ನು ಮುರಿದರು. ಮುರಿದದ್ದು ಕೋಳಿಗಳ ವಿಷಯದಲ್ಲಿ. ಕೋಳಿ ತಾನೆ, ಏನಾದೀತು ಎಂದುಕೊಂಡರು.

ಆದದ್ದು ಹೀಗೆ.

ಒಂದು ಬೆಳಗ್ಗೆ ಊರ ಮೇಲೆ ತಾಮ್ರದ ಗಿಡುಗವೊಂದು ಕಾಣಿಸಿಕೊಂಡಿತು. ರೆಕ್ಕೆ ಬಡಿಯದೆ ಸುತ್ತಿತು. ಅದರ ನೆರಳು ಯಾವ ಅಂಗಳದ ಮೇಲೆ ಬಿತ್ತೋ ಆ ಅಂಗಳದಲ್ಲಿ ಒಂದು ಕೋಳಿ ಮಾಯ. ಜನ ಗಾಬರಿಯಾಗಿ ಇದ್ದಬದ್ದ ಕೋಳಿಗಳನ್ನೆಲ್ಲ ಗೂಡಿಗೆ, ಬುಟ್ಟಿಗೆ, ಮಂಚದಡಿಗೆ ತಳ್ಳಿ ಬಾಗಿಲು ಹಾಕಿಕೊಂಡರು. ಅಲ್ಲಿಗೆ ತಪ್ಪೇನೂ ಇರಲಿಲ್ಲ. ತಪ್ಪು ಶುರುವಾದದ್ದು ಬಾಗಿಲು ಹಾಕಿದ ಮೇಲೆ.

ಬೆಳಗಿನಿಂದ ಬೈಗಿನವರೆಗೆ ತಿಪ್ಪೆ ಕೆದರಿ, ಹುಳ ಹೆಕ್ಕಿ, ಬೇಲಿ ನುಸುಳಿ ಬದುಕಿದ ಜೀವಗಳು ಅವು. ಈಗ ಅವುಗಳ ಮುಂದೆ ಇದ್ದದ್ದು ನಾಲ್ಕು ಗೋಡೆ ಮತ್ತು ಒಂದು ಕಾಳಿನ ತಟ್ಟೆ. ಕಾಳು ಚಣದಲ್ಲಿ ಮುಗಿಯುತ್ತಿತ್ತು, ಹಗಲು ಮುಗಿಯುತ್ತಿರಲಿಲ್ಲ. ಕೊಕ್ಕಿಗೆ ಕುಕ್ಕಲು ಬೇರೇನೂ ಸಿಗದಾಗ ಪಕ್ಕದವಳ ಬೆನ್ನು ಇದ್ದೇ ಇದೆ. ಒಂದು ಪುಕ್ಕ ಕಿತ್ತರು, ಒಂದು ಹನಿ ರಕ್ತ ಬಂತು, ಕೆಂಪು ಕಂಡ ಮಿಕ್ಕವರೂ ಕುಕ್ಕಿದರು. ಊರಿಗೆ ಊರೇ ಕಿರುಚಾಟದಲ್ಲಿ ಮುಳುಗಿತು.

ಆಗ ಬಂದ ತೂಕಡಿಕೆ ಸಿದ್ಧ. ಮೊಣಕಾಲು ಮುಟ್ಟುವ ಗಡ್ಡ, ಅರೆ ಮುಚ್ಚಿದ ಕಣ್ಣು, ಹೆಗಲ ಮೇಲೆ ಕಂಬಳಿ, ಸೊಂಟದಿಂದ ಇಳಿಬಿದ್ದ ಒಂದು ಚೀಲ. ಎರಡು ಮಾತಿಗೊಮ್ಮೆ ಆಕಳಿಸುತ್ತಿದ್ದ.

"ಒಂದು ಚಿಟಿಕೆ ಬೂದಿ," ಎಂದ. "ಕಾಳಿನಲ್ಲಿ ಬೆರೆಸಿ. ಆ...ಹ್. ಸದ್ದೇ ಇರಲ್ಲ. ನನಗೆ ಏನೂ ಕೊಡಬೇಡಿ."

ಬೆರೆಸಿದರು. ಕೋಳಿಗಳು ಸುಮ್ಮನಾದವು. ಹೊನ್ನಗದ್ದೆಯವರು ಮಾಡಿದ ದೊಡ್ಡ ತಪ್ಪು ಇದೇ: ಕೋಳಿಯ ಆರೋಗ್ಯವನ್ನು ಅವರು ಕಿವಿಯಿಂದ ಅಳೆದರು. ಸದ್ದಿಲ್ಲದ ಗೂಡಿನ ಮೇಲೆ ಬಿಳಿ ಬಟ್ಟೆಯ ಬಾವುಟ ಹಾರಿಸುವ ಮರ್ಯಾದೆಯನ್ನು ಅರಸ ಮಾಚರಸ ಜಾರಿಗೆ ತಂದ. ಬಾವುಟವಿಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದುಮುಂದು ನೋಡತೊಡಗಿದರು.

ಮಾಚರಸನಿಗೆ ಒಬ್ಬಳೇ ಮಗಳು, ಬಾಚಲೆ. ನೆಟ್ಟಗೆ ನಡೆಯುವವಳು, ನೆಟ್ಟಗೆ ಮಾತಾಡುವವಳು, ಊಟಕ್ಕೆ ಕೂತಾಗ ಎಲೆ ಸೊಟ್ಟಗಿದ್ದರೆ ಸರಿಮಾಡದೆ ತುತ್ತು ಎತ್ತದವಳು. ಅವಳು ಒಂದು ದಿನ ಅರಮನೆಯ ದೊಡ್ಡ ಗೂಡಿಗೆ ಹೋಗಿ ಬಂದು ತಂದೆಯ ಎದುರು ನಿಂತಳು. ಪಕ್ಕದಲ್ಲೇ ಸಿದ್ಧ ಕಂಬಕ್ಕೊರಗಿ ನಿಂತಿದ್ದ.

"ಅಪ್ಪಾಜಿ, ದೊಡ್ಡ ಗೂಡಿನ ಕೋಳಿಗಳ ಕಾಲು ಮಣ್ಣಾಗಿದೆ."

"ಮಣ್ಣಲ್ಲಿ ನಿಂತರೆ ಮಣ್ಣಾಗುತ್ತೆ, ಮಗಳೇ. ತೊಳೆಸು."

"ತೊಳೆದೆ. ಒಂದು ಬೆರಳು ಕರಗಿತು."

ಮಾಚರಸ ಮಾತು ಮರೆಸಲು ಕಾಲು ಬದಲಿಸಿ ಕೂರಲು ಹೋದ. ಆಗಲಿಲ್ಲ. ರೇಷ್ಮೆಯ ಅಂಚು ಸರಿಸಿ ನೋಡಿದರೆ ಅವನ ಪಾದಗಳೂ ಮಣ್ಣಾಗಿದ್ದವು. ಕೋಳಿಗೆ ಬೂದಿ ತಿನ್ನಿಸಿದ ಕೈ ಯಾರದೋ, ಅವರಿಗೂ ಕಾಲಿನಿಂದ ಮೇಲಕ್ಕೆ ಮಣ್ಣು ಏರುತ್ತಿತ್ತು. ಅರಸನು ಮೊದಲ ಚಿಟಿಕೆಯನ್ನು ಜನರೆದುರು ತಾನೇ ಹಾಕಿದ್ದ.

"ಇದೇನಯ್ಯಾ ಸಿದ್ಧ?" ಎಂದ ಅರಸ, ಗಾಬರಿಯಲ್ಲಿ.

"ನೆಮ್ಮದಿ," ಎಂದ ಸಿದ್ಧ. "ಆ...ಹ್. ರಾಜ್ಯದ ಕೊನೆಯ ಗೂಡೂ ಸುಮ್ಮನಾದ ದಿನ ನೀವೆಲ್ಲ ಪೂರ್ತಿ ನೆಮ್ಮದಿಯಾಗುತ್ತೀರಿ. ಆಮೇಲೆ ಈ ಸಿಂಹಾಸನದ ಮೇಲೆ ನಾನು ಕಾಲು ಚಾಚಿ ಮಲಗುತ್ತೇನೆ."

"ಕೊನೆಯ ಗೂಡು ಯಾವುದು?" ಎಂದು ಕೇಳಿದಳು ಬಾಚಲೆ.

ಅಡುಗೆಮನೆಯ ಹಿಂದೆ ಒಂದು ಚಿಕ್ಕ ಗೂಡಿತ್ತು. ಅಲ್ಲಿನ ಕೋಳಿಗಳನ್ನು ಎಲ್ಲರೂ ಮರೆತಿದ್ದರು. ಅಡುಗೆಯ ತಿಪ್ಪಕ್ಕ ಮುಸುರೆ ಹಾಕಿ ಬಾಗಿಲು ಮುಚ್ಚುತ್ತಿದ್ದಳು, ಅಷ್ಟೇ. ಅಲ್ಲಿಂದ ಈಗಲೂ ಕಿರುಚಾಟ ಕೇಳುತ್ತಿತ್ತು.

"ಆ ಗೂಡು ನನ್ನದು," ಎಂದಳು ಬಾಚಲೆ. "ಬೂದಿ ಹಾಕಲು ಬಿಡಲ್ಲ."

ಸಿದ್ಧ ಅರೆಗಣ್ಣು ತೆರೆದ. "ಪಂದ್ಯವೇ, ಅಮ್ಮಣ್ಣಿ? ಆಗಲಿ. ಮೂರು ಸಲ ಬರುತ್ತೇನೆ. ಗೂಡಿನಲ್ಲಿ ಹಸಿ ರಕ್ತ ಕಂಡರೆ ಸೋತಿರಿ. ಹಗಲಲ್ಲಿ ತೂಕಡಿಸುವ ಕೋಳಿ ಕಂಡರೂ ಸೋತಿರಿ. ಮೂರು ಸಲವೂ ಗೆದ್ದರೆ ಮಣ್ಣಾದದ್ದೆಲ್ಲ ಎದ್ದು ಓಡಾಡುತ್ತೆ. ಗೆದ್ದವರನ್ನು ನಾನಿನ್ನೂ ಕಂಡಿಲ್ಲ." ಹೊರಡುವಾಗ ಅವನು ಹಿತ್ತಲ ಕಡೆಗೆ ಒಂದು ಚಿಟಿಕೆ ಹೊಡೆದ. ಗೂಡಿನಲ್ಲಿ ಕಪ್ಪಿ ಎಂಬ ಹೇಂಟೆಯ ಬೆನ್ನ ಮೇಲೆ ದಾಸವಾಳದಂಥ ಕೆಂಪು ಮಚ್ಚೆ ಮೂಡಿತು.

ಬಾಚಲೆ ಗೂಡಿಗೆ ಓಡಿದಳು. ಮಿಕ್ಕ ಕೋಳಿಗಳೆಲ್ಲ ಕಪ್ಪಿಯನ್ನು ಮೂಲೆಗೆ ಒತ್ತಿ ಕುಕ್ಕುತ್ತಿದ್ದವು. ಜುಟ್ಟಿ ಎಂಬ ಘಟವಾಣಿ ಎಲ್ಲರಿಗೂ ಮುಂದೆ. ಬಾಚಲೆ ಗೂಡಿನ ನಡುವೆ ನಿಂತು, ಬೆರಳೆತ್ತಿ, ಕೋಟೆಬಾಗಿಲ ನಿಯಮವನ್ನು ಕೋಳಿಗಳಿಗೆ ಸ್ಪಷ್ಟವಾಗಿ ಓದಿ ಹೇಳಿದಳು. ಜುಟ್ಟಿ ಅವಳ ಕಾಲುಂಗುರ ಕುಕ್ಕಿತು.

ಬಾಗಿಲಲ್ಲಿ ನಿಂತಿದ್ದ ತಿಪ್ಪಕ್ಕ ಸೆರಗು ಬಾಯಿಗಿಟ್ಟುಕೊಂಡಳು. "ಅಮ್ಮಣ್ಣಿ, ಅದಕ್ಕೆ ಓದು ಬರಲ್ಲ."

"ನಗಬೇಡ, ತಿಪ್ಪಕ್ಕ. ಅರಿಸಿನ ತಾ, ಒಲೆಯ ಮಸಿ ತಾ. ಕೆಂಪು ಮುಚ್ಚಬೇಕು. ಹಾಗೇ ಹರಿವೆ ಸೊಪ್ಪು ತಾ."

ಕಪ್ಪಿಯ ಬೆನ್ನಿಗೆ ಅರಿಸಿನ, ಅದರ ಮೇಲೆ ಮಸಿ ಬಳಿದರು. ಸೊಪ್ಪನ್ನು ಬಾಚಲೆ ಅರಮನೆಯ ಪದ್ಧತಿಯಂತೆ ಬೆಳ್ಳಿ ಹರಿವಾಣದಲ್ಲಿ ಜೋಡಿಸಿ ನಡುವೆ ಇಟ್ಟಳು. ಜುಟ್ಟಿ ಹರಿವಾಣದೊಳಗೇ ಇಳಿದು ನಿಂತಿತು; ಬಲವಿದ್ದವರು ತಿಂದರು, ಇಲ್ಲದವರು ನೋಡಿದರು. ಉಸಿರು ಬಿಟ್ಟು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸೊಪ್ಪು ಖಾಲಿ, ಮತ್ತೆ ಕಪ್ಪಿಯ ಹಿಂದೆ ಓಟ.

ಬಾಚಲೆ ಒಂದು ಮಣೆ ತರಿಸಿ ಗೂಡಿನಲ್ಲೇ ಕೂತಳು. ಬಯ್ಯಲಿಲ್ಲ, ನೋಡಿದಳು. ಮೊದಲ ಸಲ ಅವಳಿಗೆ ತನ್ನ ತಪ್ಪು ಕಂಡಿತು. ಅವಳು ಕೊಟ್ಟದ್ದು ಊಟ, ಕೆಲಸವಲ್ಲ.

"ತಿಪ್ಪಕ್ಕ, ಹಗ್ಗ."

ಈ ಸಲ ಹರಿವೆಯನ್ನೂ ನುಗ್ಗೆ ಸೊಪ್ಪನ್ನೂ ಕಟ್ಟಾಗಿ ಬಿಗಿದು ಜಂತಿಯಿಂದ ಇಳಿಬಿಟ್ಟಳು. ಮೊದಲು ತೀರ ಎತ್ತರವಾಯಿತು. ಕೋಳಿಗಳು ಕತ್ತು ನೋಯುವಂತೆ ನೋಡಿ ಬಿಟ್ಟವು. ಸ್ವಲ್ಪ ಇಳಿಸಿದಳು. ಹಾರಿದರೆ ಮಾತ್ರ ಸಿಗುವಷ್ಟು. ಒಂದು ಎಲೆಗೆ ಒಂದು ಹಾರು. ಕಟ್ಟು ಅತ್ತ ತೂಗಿದರೆ ಕೋಳಿಗಳು ಅತ್ತ, ಇತ್ತ ತೂಗಿದರೆ ಇತ್ತ. ಮೂಲೆಗೊಂದರಂತೆ ಇನ್ನಷ್ಟು ಕಟ್ಟು ಬಿಗಿದಾಗ, ಜುಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಕಾಯಲಾಗದೆ ದೊಡ್ಡಸ್ತಿಕೆ ಬಿಟ್ಟುಹೋಯಿತು. ಕಪ್ಪಿಯೂ ಬಂದು ಹಾರಿತು.

ಸಿದ್ಧ ಬಂದ, ಇಣುಕಿದ. ರಕ್ತವಿಲ್ಲ, ತೂಕಡಿಕೆಯೂ ಇಲ್ಲ. "ಆ...ಹ್," ಎಂದು ಹೊಸ್ತಿಲ ಮೇಲೆ ಹಿಮ್ಮಡಿ ಊರಿ ಹೋದ. ಅವನ ಹಿಮ್ಮಡಿ ತಾಗಿದ್ದೇ ತಡ, ಗೂಡಿನ ನೆಲವೆಲ್ಲ ಕಬ್ಬಿಣದ ತಗಡಾಯಿತು.

ಕೋಳಿಗಳು ಕಾಲು ಕೆದರಿದವು. ಟಣ್ ಟಣ್ ಎಂದಿತು. ಮತ್ತೆ ಕೆದರಿದವು, ಉಗುರು ಜಾರಿ ಮುಗ್ಗರಿಸಿದವು. ಸೊಪ್ಪು ತಿಂದು ಮುಗಿಸಿ ಕಾಲಿಗೆ ಕೆಲಸವಿಲ್ಲದೆ ಗೋಡೆಗೆ ಒತ್ತಿಕೊಂಡು ಕೂತವು. ಬೂದಿ ಎಂಬ ಬಡಕಲು ಹೇಂಟೆಯ ಕಣ್ಣ ಮೇಲೆ ಪೊರೆ ಇಳಿಯತೊಡಗಿತು.

"ಏಳೇ! ಹಗಲಲ್ಲಿ ಮಲಗಬೇಡ," ಎಂದು ಬಾಚಲೆ ಅದನ್ನು ಎತ್ತಿ ಅಲುಗಿಸಿದಳು. ಎತ್ತಿದರೆ ಎಚ್ಚರ, ಇಳಿಸಿದರೆ ತೂಕಡಿಕೆ. ಹಾರೆ ಹಾಕಿದರೆ ತಗಡಿಗೆ ಗೀರೂ ಬೀಳಲಿಲ್ಲ.

"ನೆಲ ತೆಗೆಯೋಕಾಗಲ್ಲ," ಎಂದಳು ಕೊನೆಗೆ. "ನೆಲದ ಮೇಲೆ ಇನ್ನೊಂದು ನೆಲ ಹಾಸೋಣ. ಹಿಂದಿನ ತೋಪಿನಲ್ಲಿ ತರಗೆಲೆ ಬಿದ್ದಿದೆ. ನಡಿ, ತಿಪ್ಪಕ್ಕ."

"ನಡೀಲಾ?" ತಿಪ್ಪಕ್ಕ ಸೀರೆ ಎತ್ತಿ ತೋರಿಸಿದಳು. ಮೊಣಕಾಲ ತನಕ ಮಣ್ಣು. ತನ್ನ ಮನೆಯ ಕೋಳಿಗಳಿಗೆ ಅವಳೂ ಚಿಟಿಕೆ ಹಾಕಿದ್ದಳು. "ಬಾವುಟದ ಆಸೆ, ಅಮ್ಮಣ್ಣಿ. ಪಕ್ಕದ ಮನೇಲಿ ಹಾರ್ತಿತ್ತಲ್ಲ."

ಬಾಚಲೆಯ ಬಾಯಿಗೆ ಬಯ್ಗುಳ ಬಂದಿತ್ತು. ಬಯ್ಯಲಿಲ್ಲ. "ನೀನು ಕೂತಲ್ಲೇ ರಾಗಿ ಕೇರು," ಎಂದು ಹೇಳಿ, ತಾನೇ ಗೋಣಿ ಹೆಗಲಿಗೆ ಹಾಕಿಕೊಂಡು ಬಯಲಿಗೆ ಹೊರಟಳು. ತಾಮ್ರದ ಗಿಡುಗ ನೇರ ತಲೆಯ ಮೇಲೆ ಬಂತು. ನೆರಳು ಬಿತ್ತು. ಅವಳು ಕೋಳಿಯಲ್ಲವಾದ್ದರಿಂದ ಮಾಯವಾಗಲಿಲ್ಲ. ಆದರೆ ಗಿಡುಗ ಎರಗಿ ಅವಳ ಹೆರಳಿನ ಹೂವನ್ನೂ ಹಿಡಿಯಷ್ಟು ಕೂದಲನ್ನೂ ಕಿತ್ತುಕೊಂಡು ಹೋಯಿತು.

"ತಗೊಂಡು ಹೋಗು," ಎಂದು ಕೂಗಿದಳು ಬಾಚಲೆ, ಕಣ್ಣಲ್ಲಿ ನೀರು. "ಗೂಡು ಕಟ್ಟಿಕೋ!" ಮತ್ತೆ ಮತ್ತೆ ಹೋದಳು. ಗೋಣಿಯ ಮೇಲೆ ಗೋಣಿ ತರಗೆಲೆ, ಭತ್ತದ ಹುಲ್ಲು, ಹೊಟ್ಟು ತಂದು ತಗಡಿನ ಮೇಲೆ ಮೊಣಕಾಲೆತ್ತರ ತುಂಬಿದಳು. ತಿಪ್ಪಕ್ಕ ಕೇರಿಕೊಟ್ಟ ರಾಗಿಯನ್ನು ತಟ್ಟೆಗೆ ಹಾಕದೆ ಎಲೆಯೊಳಗೆ ಎರಚಿ, ಕೈಯಾಡಿಸಿ ಅಡಗಿಸಿದಳು. ಗೆದ್ದಲು ಹಿಡಿದ ಒಂದು ಕೊಂಬೆಯನ್ನೂ ನಡುವೆ ಹೂತಳು.

ಬೂದಿ ಹೇಂಟೆ ಒಂದು ಕಾಲು ಎತ್ತಿ ಎಲೆ ಕೆದರಿತು. ಒಂದು ಕಾಳು ಕಂಡಿತು. ಇನ್ನೊಂದು ಕಾಲು ಎತ್ತಿತು. ಆಮೇಲೆ ಆ ಗೂಡಿನಲ್ಲಿ ಯಾರೂ ಯಾರನ್ನೂ ಕಾಣದಷ್ಟು ಎಲೆ ಹಾರಿತು.

ಸಿದ್ಧ ಎರಡನೆಯ ಸಲ ಬಂದು ಬಾಗಿಲು ತೆರೆದಾಗ ಒಂದು ಹಿಡಿ ತರಗೆಲೆ ಅವನ ಆಕಳಿಕೆಯೊಳಗೇ ಹೋಗಿ ಬಿತ್ತು. ಕೆಮ್ಮಿದ, ಉಗಿದ. ಮೊದಲ ಬಾರಿಗೆ ಅವನ ಕಣ್ಣುಗಳು ಪೂರ್ತಿ ತೆರೆದುಕೊಂಡವು.

"ಹುಡುಗಿ, ನಿನಗೆ ಅರಮನೆಯಲ್ಲಿ ಬೇರೆ ಕೆಲಸವಿಲ್ಲವೆ?"

"ಇದೇ ಕೆಲಸ," ಎಂದಳು ಬಾಚಲೆ.

ಅವನು ಗಡ್ಡ ಕೊಡವಿದ. ಎಳ್ಳು ಉದುರಿದಂತೆ ಸಾವಿರ ಸಾವಿರ ಹೇನು ಗೂಡಿಗೆ ಬಿದ್ದವು.

ಇದು ಎಲ್ಲಕ್ಕಿಂತ ಕಷ್ಟದ್ದಾಯಿತು. ಸೊಪ್ಪು ತೂಗುತ್ತಿತ್ತು, ಎಲೆಯಲ್ಲಿ ಕಾಳಿತ್ತು. ಆದರೆ ಮೈ ನವೆಯುವವರಿಗೆ ಯಾವ ಕೆಲಸ ಬೇಕು? ರಾತ್ರಿ ನಿದ್ದೆಯಿಲ್ಲದೆ ಹಗಲು ಕಣ್ಣು ಎಳೆಯತೊಡಗಿದವು. ತಮ್ಮ ಪುಕ್ಕ ತಾವೇ ಕಿತ್ತುಕೊಂಡವು. ಬಾಚಲೆ ಒಡಕು ಬಾನಿಯೊಂದನ್ನು ತಂದು ಒಣಮಣ್ಣು ತುಂಬಿಟ್ಟಳು. ಕೋಳಿಗಳು ಒಂದೊಂದಾಗಿ ಇಳಿದು ಹೊರಳಾಡಿದವು. ಒಂದಿಷ್ಟು ಹೇನು ಉದುರಿತು, ಮಿಕ್ಕದ್ದು ಉಳಿಯಿತು.

"ಬರೀ ಮಣ್ಣು ಸಾಲದು, ಬೂದಿ ಬೇಕು," ಎಂದಳು ಬಾಚಲೆ. "ಒಲೆ ಬೂದಿ ತೆಗಿ, ತಿಪ್ಪಕ್ಕ."

ಅಡುಗೆಮನೆಗೆ ಹೋಗಿ ನೋಡಿದಳು. ತಿಪ್ಪಕ್ಕ ಒಲೆಯ ಮುಂದೆ ಕೂತಿದ್ದಳು. ತುಟಿಯ ತನಕ ಮಣ್ಣು. ಒಲೆ ತಣ್ಣಗಿತ್ತು, ಇದ್ದ ಬೂದಿಯನ್ನು ಎಂದೋ ಪಾತ್ರೆ ತಿಕ್ಕಿ ಮುಗಿಸಿದ್ದರು. ಬಾಚಲೆ ಕೇರಿ ಕೇರಿ ತಿರುಗಿದಳು. ಒಲೆ ಹೊತ್ತಿಸುವ ಕೈಗಳೆಲ್ಲ ಮಣ್ಣಾಗಿದ್ದವು. ಊರ ತುಂಬ ಬಿಳಿ ಬಾವುಟ, ಊರ ತುಂಬ ಮೌನ. ತಾನೇ ಬೆಂಕಿ ಮಾಡೋಣವೆಂದು ಚಕಮಕಿ ಕಲ್ಲು ಹುಡುಕಿಕೊಂಡು ಹಿತ್ತಲಿಗೆ ಓಡಿ ಬಂದರೆ, ಗೂಡಿನ ಬಾಗಿಲಲ್ಲಿ ಸಿದ್ಧ ಆಗಲೇ ನಿಂತಿದ್ದ.

ಅವನು ಒಬ್ಬನೇ ಬಂದಿರಲಿಲ್ಲ. ಅರಸ ಮಾಚರಸನನ್ನು ಕುರ್ಚಿ ಸಮೇತ ಗಾಳಿಯಲ್ಲಿ ತೇಲಿಸಿ ತಂದು ಅಂಗಳದಲ್ಲಿ ಇಳಿಸಿದ್ದ. ಕುತ್ತಿಗೆಯ ತನಕ ಮಣ್ಣು. ಮುಖ ಮಾತ್ರ ಅಪ್ಪನದು.

"ನೋಡಿ, ಕಪ್ಪಿ ತೂಕಡಿಸುತ್ತಿದೆಯೋ ಇಲ್ಲವೋ ಎಂದು ನಾನು ವಾದ ಮಾಡಲ್ಲ," ಎಂದ ಸಿದ್ಧ, ಬೆಣ್ಣೆಯಂಥ ದನಿಯಲ್ಲಿ. "ಅಮ್ಮಣ್ಣಿ ತಾವೇ ತಮ್ಮ ಕೈಯಾರೆ ಒಂದು ಚಿಟಿಕೆ ಹಾಕಿಬಿಡಲಿ. ಅರಸರನ್ನು ಈ ಗಳಿಗೆಯಲ್ಲೇ ಬಿಟ್ಟುಬಿಡುತ್ತೇನೆ."

"ಮಗಳೇ," ಎಂದ ಮಾಚರಸ. ದನಿ ಮಡಕೆಯೊಳಗಿಂದ ಬಂದಂತಿತ್ತು. "ಒಂದು ಚಿಟಿಕೆ. ಕೋಳಿ ತಾನೆ, ತಾಯೀ?"

ಬಾಚಲೆ ಅಪ್ಪನತ್ತ ತಿರುಗಿದಳು. ಆ ಅಪ್ಪನ ಹೆಗಲ ಮೇಲೆ ಕೂತು ಅವಳು ಊರು ನೋಡಿದವಳು. ಗೂಡಿನೊಳಗೆ ಜುಟ್ಟಿಯಂಥ ಜುಟ್ಟಿಯ ಕಣ್ಣೂ ಅರ್ಧ ಮುಚ್ಚಿತ್ತು.

"ಎಲ್ಲರೂ ಹೀಗೇ ಅಂದುಕೊಂಡೇ ಹಾಕಿದರು, ಅಪ್ಪಾಜಿ," ಎಂದಳು. "ಈ ಗೂಡೂ ಮಣ್ಣಾದರೆ ಇವನ ಮಾತಿಗೆ ಹೊಣೆ ಕೇಳುವವರೇ ಇರಲ್ಲ. ನಾನು ಹಾಕಲ್ಲ."

"ನಾನು ಅರಸ, ಹೇಳುತ್ತಿದ್ದೇನೆ."

"ಬಾಗಿಲ ಮೇಲೆ ಬರೆದದ್ದು ಅರಸರಿಗೂ ಸೇರಿ, ಅಪ್ಪಾಜಿ." ಅಳು ತಡೆಯಲಾಗಲಿಲ್ಲ. ಆದರೆ ಕೈ ಚಾಚಲಿಲ್ಲ.

ಸಿದ್ಧನಿಗೆ ಸಿಟ್ಟು ಬಂತು. "ಹಾಗಾದರೆ ನಾನೇ ಎಣಿಸುತ್ತೇನೆ, ಎಷ್ಟು ತೂಕಡಿಸುತ್ತಿವೆ ಎಂದು!" ಎನ್ನುತ್ತ ಗೂಡಿನೊಳಕ್ಕೆ ನುಗ್ಗಿದ.

ಅವನು ಒಂದು ವಿಷಯ ನೋಡಿರಲಿಲ್ಲ. ಅವನ ಸೊಂಟದ ಚೀಲ ಇಳಿಬಿದ್ದದ್ದು ಸರಿಯಾಗಿ ಸೊಪ್ಪಿನ ಕಟ್ಟಿನ ಎತ್ತರಕ್ಕೆ. ಅವನು ನಡೆದಂತೆ ಅದು ಅತ್ತ ತೂಗಿತು, ಇತ್ತ ತೂಗಿತು.

ಜುಟ್ಟಿ ಕಣ್ಣು ತೆರೆಯಿತು. ತೂಗುವುದೆಲ್ಲ ತನ್ನ ಪಾಲಿನದು ಎಂಬುದು ಆ ಗೂಡಿನಲ್ಲಿ ಕಲಿತ ಪಾಠ. ಹಾರಿ ಕುಕ್ಕಿತು. ಕಪ್ಪಿ ಹಾರಿತು, ಬೂದಿ ಹೇಂಟೆ ಹಾರಿತು, ಗೂಡಿನ ಹುಂಜವೂ ಹಾರಿತು.

"ಏಯ್! ಥೂ! ಹಚಾ! ಇವನ್ನ ಹಿಡಿಯಿರಿ!" ಎಂದು ಸಿದ್ಧ ಕುಣಿದ. ಕುಣಿದಷ್ಟೂ ಚೀಲ ತೂಗಿತು. ತೂಗಿದಷ್ಟೂ ಕೋಳಿಗಳು ಹಾರಿದವು. ಅವನು ಹಿಂದಕ್ಕೆ ಸರಿದು ಬಾನಿಗೆ ಎಡವಿ, ಚೀಲ ಪರ್ರೆಂದು ಹರಿದು, ಅದರೊಳಗಿದ್ದ ಮಾಯದ ಬೂದಿಯೆಲ್ಲ ಒಣಮಣ್ಣಿನ ಮೇಲೆ ಸುರಿಯಿತು.

ಬೂದಿಯನ್ನು ಕಾಳಿನಲ್ಲಿ ಬೆರೆಸಿ ಮೋಸದಿಂದ ತಿನ್ನಿಸಬಹುದು. ಹಾಸಿಕೊಟ್ಟರೆ ಕೋಳಿ ಅದನ್ನು ತಿನ್ನುವುದಿಲ್ಲ, ಹೊರಳಾಡುತ್ತದೆ. ಜುಟ್ಟಿ ಬಾನಿಗೆ ಬಿದ್ದು ಎಡಮಗ್ಗುಲು ಹೊರಳಿತು, ಬಲಮಗ್ಗುಲು ಹೊರಳಿತು, ಪುಕ್ಕದ ಬುಡಬುಡಕ್ಕೆ ಬೂದಿ ತುಂಬಿಕೊಂಡಿತು. ಹೇನುಗಳು ತೂಕಡಿಸಿ ಸಾಲುಸಾಲಾಗಿ ಉದುರಿದವು. ಜುಟ್ಟಿಯ ಮೇಲೆ ಕಪ್ಪಿ, ಕಪ್ಪಿಯ ಮೇಲೆ ಬೂದಿ ಹೇಂಟೆ, ಎಲ್ಲರ ಮೇಲೆ ಹುಂಜ. ಆಮೇಲೆ ಎಲ್ಲವೂ ಎದ್ದು ನಿಂತು, ಕೋಳಿಗಳು ಮಾಡುವಂತೆ, ಒಟ್ಟಿಗೆ ಮೈ ಕೊಡವಿದವು.

ಮೋಡದಂತೆ ಎದ್ದ ಬೂದಿ ಸಿದ್ಧನ ಮೂಗು ಬಾಯಿಗೆಲ್ಲ ತುಂಬಿತು. "ಆ... ಆ..." ಎಂದ, ಆಕಳಿಕೆ ಅರ್ಧಕ್ಕೆ ನಿಂತು ಸೀನಾಯಿತು. ಆ ಸೀನಿಗೆ ಅವನ ಮಾಯವೆಲ್ಲ ಹೊರಗೆ ಬಿತ್ತು. ಅವನೇ ಹಾರಿಬಿಟ್ಟಿದ್ದ ಆಕಾಶದ ತಾಮ್ರದ ಗಿಡುಗ ಒಡಕು ತಂಬಿಗೆಯಾಗಿ ಅಂಗಳದಲ್ಲಿ ಠಣ್ಣೆಂದು ಬಿದ್ದಿತು. ಹುಂಜ ಕತ್ತು ಚಾಚಿ ಕೂಗಿತು.

"ರಕ್ತ ಎಲ್ಲಿದೆ, ಸಿದ್ಧರೆ?" ಎಂದು ಕೇಳಿದಳು ಬಾಚಲೆ, ಕಣ್ಣೊರಸಿಕೊಂಡು. "ತೂಕಡಿಕೆ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಮೂರನೆಯ ಸಲವೂ ಅವನು ಸೋತಿದ್ದ.

ಅಂಗಳದಲ್ಲಿ ಮಣ್ಣು ಪುಡಿಪುಡಿಯಾಗಿ ಉದುರಿ ಮಾಚರಸ ಎದ್ದು ನಿಂತ. ಅಡುಗೆಮನೆಯಿಂದ ತಿಪ್ಪಕ್ಕನ ದನಿ ಬಂತು: "ಅಯ್ಯೋ, ಬೂದಿ ಕೇಳಿದ್ರಲ್ಲ ಅಮ್ಮಣ್ಣಿ, ಇಗೋ ತಂದೆ!" ಊರಿನ ಗೂಡು ಗೂಡಿನಲ್ಲೂ ಮಣ್ಣಿನ ಗೊಂಬೆಗಳು ಪುಕ್ಕ ಕೆದರಿ ಕಿರುಚಿದವು. ಬಿಳಿ ಬಾವುಟಗಳನ್ನು ಜನ ನಾಚಿಕೊಂಡು ಕೆಳಗಿಳಿಸಿದರು. ಮಾಯವಾಗಿದ್ದ ಕೋಳಿಗಳೂ ತಂಬಿಗೆಯ ಬಾಯಿಂದ ಒಂದೊಂದಾಗಿ ಹೊರಬಂದು ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋದವು. ಅರಮನೆಯ ಒಂದು ಕೋಳಿಗೆ ಮಾತ್ರ ಒಂದು ಬೆರಳು ಕಡಮೆ ಉಳಿಯಿತು. ಅದು ತೊಳೆದವಳ ಹಿಂದೆಯೇ ಜೀವಮಾನವಿಡೀ ತಿರುಗಿತು, ಮುನಿಸೇನೂ ಇರಲಿಲ್ಲ.

ಮುಂದೆ ಹೊನ್ನಗದ್ದೆಯವರು ಸುಖವಾಗಿದ್ದರು. ಜಡಿಮಳೆಗೋ ನರಿಯ ಕಾಟಕ್ಕೋ ಕೋಳಿಗಳನ್ನು ಒಳಗೆ ಹಾಕುವ ದಿನ ಬಂದರೆ ಮನೆಮಂದಿಯೆಲ್ಲ ಸೊಪ್ಪಿನ ಕಟ್ಟು ಬಿಗಿದರು, ತರಗೆಲೆಯಲ್ಲಿ ರಾಗಿ ಅಡಗಿಸಿದರು, ಬಾನಿಗೆ ಬೂದಿ ತುಂಬಿದರು. ಊರು ಗದ್ದಲವಾಗಿಯೇ ಇತ್ತು. ಯಾರೂ ದೂರಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ದಿನ ಇನ್ನೊಂದು ಕೆಲಸ ಬಾಕಿ ಇತ್ತು.

ಭಟರು ಸಿದ್ಧನ ರಟ್ಟೆ ಹಿಡಿದು ನಿಂತಿದ್ದರು. ಕೋಳಿಗಳು ಬಯಲಿಗೆ ಓಡಿಹೋಗಿ ಹಿತ್ತಲ ಗೂಡು ಖಾಲಿಯಾಗಿತ್ತು. ಭಟರು ಎಲೆ, ಹುಲ್ಲು, ಬಾನಿ, ಹಗ್ಗ ಎಲ್ಲವನ್ನೂ ಹೊರಗೆಸೆದು, ಬರಿ ನೆಲದ ಮೇಲೆ ಒಂದು ಊಟದ ತಟ್ಟೆಯಿಟ್ಟು ಅವನನ್ನು ಕೂಡಿಸಿದರು. ಊರ ಜನ ಚಪ್ಪಾಳೆ ತಟ್ಟಿದರು. ಸಿದ್ಧ ಗೋಡೆಗೊರಗಿ ಎದುರು ಗೋಡೆಯನ್ನು ನೋಡುತ್ತ ಕೂತ.

"ಸಾಯೋ ತನಕ ಅಲ್ಲೇ ಬಿದ್ದಿರಲಿ," ಎಂದ ಮಾಚರಸ. "ಹಾಕು ಚಿಲಕ, ಮಗಳೇ. ಆ ಗೌರವ ನಿನ್ನದು."

ಬಾಚಲೆ ಚಿಲಕದ ಮೇಲೆ ಕೈಯಿಟ್ಟಳು. ಒಳಗೆ ನೋಡಿದಳು. ನಾಲ್ಕು ಗೋಡೆ, ಒಂದು ಊಟದ ತಟ್ಟೆ.

"ಹಾಕಲ್ಲ," ಎಂದಳು.

"ಏನು?"

"ಹೀಗೆ ಹಾಕಲ್ಲ, ಅಪ್ಪಾಜಿ."

"ಅವನು ನಮ್ಮನ್ನೆಲ್ಲ ಮಣ್ಣು ಮಾಡಿದವನು ಕಣೇ!" ಎಂದ ಅರಸ. ಜನರೂ ಗೊಣಗಿದರು. ಒಬ್ಬ ಕಲ್ಲೆತ್ತಿದ. ತಿಪ್ಪಕ್ಕ ಅವಳ ಸೆರಗು ಹಿಡಿದೆಳೆದಳು: "ಬ್ಯಾಡಿ ಅಮ್ಮಣ್ಣಿ, ಜನ ಸಿಟ್ಟಲ್ಲವ್ರೆ."

ಬಾಚಲೆ ಚಿಲಕದಿಂದ ಕೈ ತೆಗೆದಳು. ಅಡುಗೆಮನೆಯ ಮೂಲೆಯಿಂದ ಉದ್ದ ಪೊರಕೆಯೊಂದನ್ನು ತಂದಳು. ಗೂಡಿನೊಳಕ್ಕೆ ಹೋಗಿ ಸಿದ್ಧನ ಎದುರು ನಿಂತಳು.

"ಏಳಿ, ಸಿದ್ಧರೆ. ಊರಿನ ಗೂಡುಗಳಲ್ಲೆಲ್ಲ ಹಿಕ್ಕೆ ಗಟ್ಟಿಕಟ್ಟಿದೆ. ಇಲ್ಲಿಂದಲೇ ಶುರು ಮಾಡಿ."

ಸಿದ್ಧ ಆಕಳಿಸಲು ಬಾಯಿ ತೆರೆದ. ಬಾಚಲೆ ಪೊರಕೆಯನ್ನು ಅವನ ಕೈಗೆ ಕೊಟ್ಟಳು.